ಕ್ಯಾಸೆಟ್ ಅಂಗಡಿಯನ್ನು ಸರಕಾರಿ ಪುಸ್ತಕದಲ್ಲಿ ಮುಚ್ಚುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಒಂದು ಸಣ್ಣ ಪೇಟೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ವೀಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ನಡೆಸಿದೆ. 1988ರಲ್ಲಿ ಅಣ್ಣ ಶಾರ್ಜಾದಿಂದ ತಂದ, ಕ್ಯಾಸೆಟ್ ಹಾಕಿ ಟಿವಿಯಲ್ಲಿ ಸಿನಿಮಾ ನೋಡುವ ಎರಡು ವಿಸಿಆರ್ ಯಂತ್ರ ಮತ್ತು ನಲವತ್ತು ಕ್ಯಾಸೆಟ್‌ಗಳಿಂದ ಶುರುವಾದ ವ್ಯಾಪಾರ. ಲೈಸೆನ್ಸ್ ಅಣ್ಣನ ಹೆಸರಿನಲ್ಲಿತ್ತು, ಗಲ್ಲೆಯಲ್ಲಿ ಕುಳಿತವಳು ನಾನು. ಕನ್ನಡ, ಮಲಯಾಳ, ತುಳು, ಹಿಂದಿ, ತಮಿಳು ಎಂದು ಐದು ಕಪಾಟುಗಳು. ಮದುವೆ ಮನೆಗೆ, ತೊಟ್ಟಿಲು ಶಾಸ್ತ್ರದ ಮನೆಗೆ ಟಿವಿ ಸಮೇತ ವಿಸಿಆರ್ ಹೋಗುತ್ತಿತ್ತು. ಬೆಳಗ್ಗೆ ಆಟೊದಲ್ಲಿ ಹಿಂದೆ ಬರುವಾಗ ಅದರ ಮೇಲೆ ಕುಂಕುಮ ಚೆಲ್ಲಿರುತ್ತಿತ್ತು.

ಮೊದಲು ಕೇಬಲ್ ಬಂತು, ಆಮೇಲೆ ಸಿಡಿ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ಸಿನಿಮಾದ ವಿಸಿಡಿಯನ್ನೇ ಮಾರಲು ತೊಡಗಿದ ಮೇಲೆ 15 ರೂಪಾಯಿ ಬಾಡಿಗೆ ಕೊಟ್ಟು ಮರುದಿನ ಹಿಂದೆ ತಂದುಕೊಡುವ ಕಷ್ಟ ಯಾರಿಗೆ ಬೇಕು? 2016ರ ಜುಲೈಯಲ್ಲಿ ಜಪಾನಿನ ಫುನಾಯಿ ಕಂಪನಿ ವಿಸಿಆರ್ ತಯಾರಿಸುವುದನ್ನೇ ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಅಕ್ಟೋಬರ್ ಕೊನೆಗೆ ನಾನು ಶಟರ್ ಎಳೆದು, ಬೀಗದ ಕೈಯನ್ನು ಕಟ್ಟಡದ ಯಜಮಾನರಿಗೆ ಕೊಟ್ಟು ಮನೆಗೆ ಬಂದೆ. ಅಂಗಡಿ ಮುಗಿಯಿತು ಎಂದುಕೊಂಡೆ.

ಆರು ವರ್ಷಗಳ ಅನಂತರ, 2022ರಲ್ಲಿ, ಮಲಯಾಳದಲ್ಲಿ ಅಚ್ಚಾದ ಒಂದು ನೋಟೀಸು ಮನೆಗೆ ಬಂತು. ಒಂಬತ್ತು ಸಾವಿರ ಚಿಲ್ಲರೆ ಬಾಕಿ. ನನಗೆ ಮಲಯಾಳ ಮಾತನಾಡಲು ಬರುತ್ತದೆ; ಓದುವಾಗ ಅಕ್ಷರ ಅಕ್ಷರ ಜೋಡಿಸಬೇಕು. ಮಗಳು ಓದಿ ಹೇಳಿದಾಗ ತಿಳಿಯಿತು: ಸರಕಾರದ ಲೆಕ್ಕದಲ್ಲಿ ನನ್ನ ಅಂಗಡಿ ಇನ್ನೂ ತೆರೆದೇ ಇತ್ತು. ಆ ಕಡತವನ್ನು ಮುಚ್ಚಲು ನನಗೆ ಹನ್ನೊಂದು ತಿಂಗಳು ಬೇಕಾಯಿತು. ಆಮೇಲೆ ಒಂದು ಸಿಡಿ ಅಂಗಡಿ, ಒಂದು ಎಸ್‌ಟಿಡಿ ಬೂತ್, ಒಂದು ಫೋಟೊ ಸ್ಟುಡಿಯೊ ಮುಚ್ಚಲು ಜೊತೆಗೆ ಓಡಾಡಿದ್ದೇನೆ. ಆ ಓಡಾಟದಲ್ಲಿ ಕಲಿತದ್ದನ್ನು ಬರೆಯುತ್ತೇನೆ. ಕಾಸರಗೋಡಿನ ಯಾವ ಸಣ್ಣ ವ್ಯಾಪಾರಕ್ಕೂ ಇದು ಹೊಂದುತ್ತದೆ.

ಮೊದಲು ಕಾಗದಗಳನ್ನು ಹುಡುಕಿ. ಪಂಚಾಯತ್ ಲೈಸೆನ್ಸ್, ತೊಳಿಲ್ ನಿಕುತಿ ಎಂದು ಇಲ್ಲಿ ಎಲ್ಲರೂ ಕರೆಯುವ ವೃತ್ತಿ ತೆರಿಗೆಯ ರಶೀದಿಗಳು, ಕಾರ್ಮಿಕ ಇಲಾಖೆಯ ನೋಂದಣಿ, ಬಾಡಿಗೆ ಚೀಟಿ, ಕರೆಂಟ್ ಬಿಲ್. ಲೈಸೆನ್ಸಿನಲ್ಲಿರುವ ಕಟ್ಟಡದ ಸಂಖ್ಯೆಯನ್ನು ಈಗಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ವಾರ್ಡುಗಳ ಗಡಿ ಬದಲಾದಾಗ ಕಟ್ಟಡದ ಸಂಖ್ಯೆಯೂ ಬದಲಾಗುತ್ತದೆ. ಹಳೆಯ ಸಂಖ್ಯೆ ಹಾಕಿ ಅರ್ಜಿ ಕೊಟ್ಟರೆ ‘ಇಂಥ ಕಟ್ಟಡ ಇಲ್ಲ’ ಎಂದು ಹಿಂದೆ ಬರುತ್ತದೆ. ನನ್ನ ಎರಡು ತಿಂಗಳು ಅದರಲ್ಲೇ ಹೋಯಿತು. ಅರ್ಜಿಯಲ್ಲಿ ಎರಡೂ ಸಂಖ್ಯೆಗಳನ್ನು ಬರೆಯಿರಿ. ಕಟ್ಟಡದ ಯಜಮಾನರು ಇತ್ತೀಚೆಗೆ ಕಟ್ಟಿದ ಕಟ್ಟಡ ತೆರಿಗೆಯ ರಶೀದಿಯ ಪ್ರತಿಯನ್ನು ಕೇಳಿ ತೆಗೆದುಕೊಂಡರೆ ಹೊಸ ಸಂಖ್ಯೆ ಅದರಲ್ಲಿಯೇ ಸಿಗುತ್ತದೆ.

ಲೈಸೆನ್ಸ್ ಬೇರೆಯವರ ಹೆಸರಿನಲ್ಲಿದ್ದರೆ ಅವರಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು. ಅಣ್ಣ ಶಾರ್ಜಾದಿಂದ ಕಳುಹಿಸಿದ. ಆ ವ್ಯಕ್ತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ ಎಂದು ದಾರಿ ಉದ್ದವಾಗುತ್ತದೆ. ಹಾಗಾಗಿ ಇದನ್ನು ಓದುತ್ತಿರುವವರ ಮನೆಯಲ್ಲಿ ಅಪ್ಪನ ಹೆಸರಿನ ಮುಚ್ಚಿದ ಅಂಗಡಿಯೊಂದಿದ್ದರೆ, ಅಪ್ಪ ಇರುವಾಗಲೇ ಈ ಕೆಲಸ ಮಾಡಿಸಿ.

ಇನ್ನು ಮುಖ್ಯ ಸಂಗತಿ. ‘ಅಂಗಡಿ ಮುಚ್ಚಿ ಆರು ವರ್ಷ ಆಯಿತು’ ಎಂದು ಬಾಯಿಯಲ್ಲಿ ಹೇಳಿದರೆ ಯಾವ ಕಚೇರಿಯೂ ನಂಬುವುದಿಲ್ಲ, ನಂಬಲೂ ಅವರಿಗೆ ಅವಕಾಶವಿಲ್ಲ. ಮುಚ್ಚಿದ ದಿನಾಂಕಕ್ಕೆ ಸಾಕ್ಷಿ ಬೇಕು. ನನ್ನನ್ನು ಕಾಪಾಡಿದ್ದು ಕರೆಂಟ್ ಬಿಲ್. ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿಗೆ ಹೋಗಿ ಕನ್ಸ್ಯೂಮರ್ ನಂಬರ್ ಕೊಟ್ಟು, ಆ ಕೋಣೆಯ ಹಳೆಯ ಬಳಕೆಯ ವಿವರ ಕೇಳಿದೆ. 2016ರ ಅಕ್ಟೋಬರ್‌ವರೆಗೆ ಯೂನಿಟ್ ಇತ್ತು, ಅಲ್ಲಿಂದ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಆ ಹಾಳೆಯನ್ನು ನೋಡುವಾಗ ಎದೆಯಲ್ಲಿ ಏನೋ ಕಲಕಿತು. ಇಪ್ಪತ್ತೆಂಟು ವರ್ಷ ಸಂಜೆ ಆರು ಗಂಟೆಗೆ ಹಚ್ಚಿದ ಟ್ಯೂಬ್‌ಲೈಟ್ ಎಂದು ಆರಿತು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಬರೆದಿಟ್ಟ ಬೇರೆ ಕಾಗದ ನನ್ನ ಬಳಿ ಇಲ್ಲ. ಅದರೊಂದಿಗೆ ಕಟ್ಟಡದ ಯಜಮಾನರ ಪತ್ರ, ವಾರ್ಡ್ ಸದಸ್ಯರ ಪತ್ರ, ಪಕ್ಕದ ಇಬ್ಬರು ಅಂಗಡಿಯವರ ಸಹಿ ಇರುವ ಹೇಳಿಕೆಯನ್ನು ಲಗತ್ತಿಸಿ. ಇಷ್ಟು ಒಟ್ಟಿಗೆ ಇದ್ದರೆ ಸ್ಥಳ ಪರಿಶೀಲನೆಗೆ ಬರುವ ನೌಕರನ ವರದಿಯೂ ಬೇಗ ಆಗುತ್ತದೆ.

ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಇದನ್ನು ನಾನು ಹಟಕ್ಕಾಗಿ ಹೇಳುತ್ತಿಲ್ಲ. ನಮಗೆ ಪೂರ್ತಿ ಅರ್ಥವಾಗದ ಭಾಷೆಯಲ್ಲಿ ಇನ್ನೊಬ್ಬರು ಬರೆದ ಅರ್ಜಿಗೆ ಸಹಿ ಹಾಕಿದರೆ, ಅದರಲ್ಲಿ ಒಂದು ತಪ್ಪು ದಿನಾಂಕ ಇದ್ದರೂ ಗೊತ್ತಾಗುವುದಿಲ್ಲ. ಆ ದಿನಾಂಕದ ಮೇಲೆಯೇ ನಮ್ಮ ಬಾಕಿಯ ಲೆಕ್ಕ ನಿಂತಿರುತ್ತದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. 2022ರಲ್ಲಿ ನಾನು ಅರ್ಜಿಯ ತಲೆಬರಹದ ಕೆಳಗೆ ಅದನ್ನೂ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎನ್ನುವ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯನ್ನೂ ಒಂದು ಸಾಲಿನಲ್ಲಿ ಬರೆದಿದ್ದೆ. ಕಚೇರಿಯ ಕಿಟಕಿಯಲ್ಲಿದ್ದ ಹುಡುಗ ತಿರುವನಂತಪುರದ ಕಡೆಯವನು. “ಚೇಚಿ, ಮಲಯಾಳದಲ್ಲಿ ಬರೆದು ತನ್ನಿ” ಎಂದ. ನಾನು ಆ ಸಾಲಿನ ಮೇಲೆ ಬೆರಳಿಟ್ಟು, “ಮೋನೇ, ಇದನ್ನು ತೆಗೆದುಕೊಂಡು ರಶೀದಿ ಕೊಡು. ನಿನಗೆ ಅರ್ಥವಾಗದ್ದನ್ನು ನಾನು ಕುಳಿತು ಹೇಳುತ್ತೇನೆ” ಎಂದೆ. ಅವನು ತೆಗೆದುಕೊಂಡ, ಅರ್ಧ ಗಂಟೆ ಇಬ್ಬರೂ ಕುಳಿತು ಅವನ ಕಂಪ್ಯೂಟರಿಗೆ ಬೇಕಾದ್ದನ್ನು ತುಂಬಿಸಿದೆವು. ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ ಮಕ್ಕಳಿಗೆ ಕನ್ನಡ ಬಾರದಿರುವುದು ಅವರ ತಪ್ಪಲ್ಲ. ಕನ್ನಡ ಬಲ್ಲವರನ್ನು ಆ ಜಾಗದಲ್ಲಿ ಕೂರಿಸದಿರುವುದು ತಪ್ಪು, ಅದನ್ನು ಕೇಳಬೇಕಾದ ಜಾಗ ಬೇರೆ.

ಕಚೇರಿಯ ಕಾಗದಗಳಲ್ಲಿ ಪದೇಪದೇ ಬರುವ ಕೆಲವು ಮಲಯಾಳ ಪದಗಳನ್ನು ಮಾತ್ರ ಕಲಿತಿಟ್ಟುಕೊಳ್ಳಿ. ಕುಡಿಶ್ಶಿಕ ಎಂದರೆ ಬಾಕಿ. ಅಪೇಕ್ಷ ಎಂದರೆ ಅರ್ಜಿ. ಸತ್ಯವಾಙ್ಮೂಲಂ ಎಂದರೆ ಪ್ರಮಾಣಪೂರ್ವಕ ಹೇಳಿಕೆ. ಕೈಪ್ಪಟ್ಟು ರಸೀತ್ ಎಂದರೆ ಅರ್ಜಿ ಮುಟ್ಟಿದ್ದಕ್ಕೆ ಕೊಡುವ ಚೀಟಿ. ಕೊನೆಯದನ್ನು ಕೈಯಲ್ಲಿ ಹಿಡಿಯದೆ ಕಿಟಕಿಯಿಂದ ಕದಲಬೇಡಿ. ಅದರಲ್ಲಿ ಕಡತದ ಸಂಖ್ಯೆ ಇರುತ್ತದೆ. ಮುಂದೆ ಎಲ್ಲಿ ಹೋದರೂ ಮೊದಲು ಕೇಳುವುದು ಆ ಸಂಖ್ಯೆಯನ್ನೇ. ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿದರೂ ಅಷ್ಟೇ, ಸಂಖ್ಯೆ ಇರುವ ಹಾಳೆಯನ್ನು ಮುದ್ರಿಸಿ ತೆಗೆದುಕೊಳ್ಳಿ, ನಿಮ್ಮ ಮೊಬೈಲ್ ಸಂಖ್ಯೆಯನ್ನೇ ಹಾಕಿಸಿ.

ಯಾವ ಕಚೇರಿಗೆ ಮೊದಲು? ಪಂಚಾಯತ್. ಲೈಸೆನ್ಸ್ ರದ್ದತಿಯ ಅರ್ಜಿಯಲ್ಲಿಯೇ ವೃತ್ತಿ ತೆರಿಗೆಯ ಪಟ್ಟಿಯಿಂದಲೂ ಹೆಸರು ತೆಗೆಯಬೇಕೆಂದು ಬೇರೆ ಸಾಲಾಗಿ ಬರೆಯಿರಿ. ಇವೆರಡೂ ಬೇರೆ ಬೇರೆ ಲೆಕ್ಕ. ಒಂದನ್ನು ತೆಗೆದರೆ ಇನ್ನೊಂದು ತಾನಾಗಿ ಹೋಗುವುದಿಲ್ಲ. ನನ್ನ ಬಾಕಿಯ ಹೆಚ್ಚಿನ ಪಾಲು ವೃತ್ತಿ ತೆರಿಗೆಯದೇ ಆಗಿತ್ತು. ಕೇರಳದಲ್ಲಿ ಈ ತೆರಿಗೆಯನ್ನು ಆರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಈಗ ಅಂಗಡಿ ಮುಚ್ಚಬೇಕೆಂದು ಯೋಚಿಸುತ್ತಿರುವವರು ಸೆಪ್ಟೆಂಬರ್ 30 ಅಥವಾ ಮಾರ್ಚ್ 31ರ ಒಳಗೆ ಅರ್ಜಿ ಕೊಟ್ಟುಬಿಡಿ. ನಾನು ಅಕ್ಟೋಬರ್ ಕೊನೆಯಲ್ಲಿ ಮುಚ್ಚಿದ್ದರಿಂದ ಆ ಅರ್ಧ ವರ್ಷದ್ದನ್ನು ಕಟ್ಟಬೇಕಾಯಿತು, ಅದು ನ್ಯಾಯವೇ.

ಕಾರ್ಮಿಕ ಇಲಾಖೆಯ ನೋಂದಣಿಯನ್ನು 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಸಹಾಯಕ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಮುಚ್ಚಿಸಬೇಕು. ಕೆಲಸದವರಿಗಾಗಿ ಕ್ಷೇಮನಿಧಿಗೆ ಹಣ ಕಟ್ಟುತ್ತಿದ್ದರೆ ಅಲ್ಲಿಯೂ ತಿಳಿಸಿ. ಜಿಎಸ್‌ಟಿ ನನಗೆ ಇರಲಿಲ್ಲ, ಅದು 2017ರ ಜುಲೈ 1ಕ್ಕೆ ಬಂದದ್ದು. ಸ್ಟುಡಿಯೊದವರಿಗೆ ಇತ್ತು. ಅವರು ಆರ್‌ಇಜಿ-16 ಎಂಬ ನಮೂನೆಯಲ್ಲಿ ರದ್ದತಿ ಕೇಳಿ, ಆದೇಶ ಬಂದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ಲೆಕ್ಕವನ್ನು ಕೊಟ್ಟರು. ವ್ಯಾಪಾರ ಇಲ್ಲದ ತಿಂಗಳಿಗೂ ಸೊನ್ನೆ ಲೆಕ್ಕ ಕೊಡಲೇಬೇಕು, ಕೊಡದಿದ್ದರೆ ದಂಡ ಬೆಳೆಯುತ್ತದೆ. ಕರೆಂಟ್ ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ ಮೊದಲು ಬಳಕೆಯ ವಿವರವನ್ನು ತೆಗೆದುಕೊಂಡು, ಆಮೇಲೆ ಕಡಿತಕ್ಕೆ ಅರ್ಜಿ ಕೊಡಿ. ಇಟ್ಟ ಡಿಪಾಸಿಟ್ ಹಿಂದೆ ಬರುವುದಿದೆ, ಕೇಳಿ ಪಡೆಯಿರಿ.

ಅರ್ಜಿ ಕೊಟ್ಟು ಸುಮ್ಮನೆ ಕುಳಿತರೆ ಕಡತವೂ ಕುಳಿತುಕೊಳ್ಳುತ್ತದೆ. ಪ್ರತಿ ಕಚೇರಿಯಲ್ಲಿ ಪೌರಾವಕಾಶ ರೇಖೆ ಎಂಬ ಫಲಕ ಇರುತ್ತದೆ. ಯಾವ ಸೇವೆಗೆ ಎಷ್ಟು ದಿನ ಎಂದು ಅದರಲ್ಲಿ ಬರೆದಿರುತ್ತದೆ. ಕೇರಳದ ಸೇವಾ ಹಕ್ಕು ಕಾನೂನಿನಡಿ ಹೇಳಿದ ದಿನದೊಳಗೆ ಕೆಲಸವಾಗದಿದ್ದರೆ ಮೇಲ್ಮನವಿ ಕೊಡಬಹುದು. ನಾನು ಮೂರು ತಿಂಗಳು ಕಾದು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ. ‘ಯಾಕೆ ತಡ ಮಾಡಿದಿರಿ’ ಎಂದು ಅದರಲ್ಲಿ ಕೇಳಬೇಡಿ. ಕಡತ ಸಂಖ್ಯೆ ಇಂತಿಷ್ಟು, ಅದು ಈಗ ಯಾರ ಮೇಜಿನ ಮೇಲಿದೆ, ಯಾವ ದಿನದಿಂದ ಇದೆ, ಅದರಲ್ಲಿ ಬರೆದಿರುವ ಟಿಪ್ಪಣಿಗಳ ಪ್ರತಿ ಕೊಡಿ. ಇಷ್ಟೇ ಸಾಕು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ನನ್ನ ಕಡತ ಇಪ್ಪತ್ತನೆಯ ದಿನಕ್ಕೆ ಎದ್ದು ನಡೆಯಿತು.

ಅಂಗಡಿಯ ಕಾಗದಗಳಷ್ಟೇ ಕಾಳಜಿ ಕ್ಯಾಸೆಟ್‌ಗಳಿಗೂ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕ್ಯಾಸೆಟನ್ನು ಹಾಗೆಯೇ ವಿಸಿಆರ್‌ಗೆ ಹಾಕಿದರೆ ಟೇಪನ್ನು ಓದುವ ಹೆಡ್ ಹಾಳಾಗುತ್ತದೆ, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟಿಗೂ ಅದು ಅಂಟುತ್ತದೆ. ಪೂರ್ತಿ ರೀವೈಂಡ್ ಮಾಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಒಣಗಿದ ಜಾಗದಲ್ಲಿಡಿ. ಎಲ್ಲವನ್ನೂ ಇಟ್ಟುಕೊಳ್ಳಬೇಕೆಂದಿಲ್ಲ. ಸಿನಿಮಾಗಳು ಬೇರೆಡೆ ಸಿಗುತ್ತವೆ. ಅವುಗಳ ಪ್ರತಿ ತೆಗೆದು ಮಾರುವುದು ಅಪರಾಧವೂ ಹೌದು. ಆದರೆ ನನ್ನ ಕಪಾಟಿನ ಕೆಳಗಿನ ಸಾಲಿನಲ್ಲಿ ಊರಿನವರೇ ಚಿತ್ರೀಕರಿಸಿದ ಅರುವತ್ತಮೂರು ಕ್ಯಾಸೆಟ್‌ಗಳಿದ್ದವು: ಬಯಲಾಟ, ತಾಳಮದ್ದಳೆ, ಭೂತದ ಕೋಲ, ಮದುವೆಗಳು, ಒಂದು ಶಾಲೆಯ ವಾರ್ಷಿಕೋತ್ಸವ. ಅಂಥದ್ದಕ್ಕೆ ಜಗತ್ತಿನಲ್ಲಿ ಇನ್ನೊಂದು ಪ್ರತಿ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರೆಂದು ಹೆಮ್ಮೆಪಡುವ ಕುಂಬಳೆ ಸೀಮೆಯಲ್ಲಿ ತೀರಿಹೋದ ವೇಷಧಾರಿಗಳ ಕುಣಿತ ಗುಜರಿಗೆ ಹೋಗಬಾರದು.

ಅವನ್ನು ಕಂಪ್ಯೂಟರಿಗೆ ಇಳಿಸಲು ಕೆಲಸ ಮಾಡುವ ಒಂದು ವಿಸಿಆರ್, ಕೆಂಪು-ಬಿಳಿ-ಹಳದಿ ತಂತಿ, ಯುಎಸ್‌ಬಿ ಕ್ಯಾಪ್ಚರ್ ಎಂಬ ಸಣ್ಣ ಸಾಧನ ಸಾಕು. ಸೆಟ್ಟಿಂಗ್ ನಮ್ಮ ದೇಶದ ಟಿವಿ ಪದ್ಧತಿಯಾದ ‘ಪಾಲ್’ ಎಂದಿರಲಿ. ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು, ಅವಸರ ನಡೆಯುವುದಿಲ್ಲ. ಮಗಳು ದಿನಕ್ಕೊಂದರಂತೆ ಇಳಿಸಿದಳು. ಮದುವೆಯದನ್ನು ಆಯಾ ಮನೆಗೆ ಪೆನ್‌ಡ್ರೈವ್‌ನಲ್ಲಿ ತಲುಪಿಸಿದೆ. ಒಬ್ಬರು ತಮ್ಮ ತಾಯಿಯ ಧ್ವನಿಯನ್ನು ಮೂವತ್ತು ವರ್ಷಗಳ ಮೇಲೆ ಕೇಳಿದರು. ಅವರ ಅಂಗಳದಿಂದ ನಾನು ಬೇಗ ಎದ್ದು ಬರಲಾಗಲಿಲ್ಲ.

ಉಳಿದದ್ದನ್ನು ಸುಡಬೇಡಿ. ಅದು ಪೂರ್ತಿ ಪ್ಲಾಸ್ಟಿಕ್, ಹೊಗೆ ವಿಷ. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯವರನ್ನು ಮೊದಲೇ ಕೇಳಿ, ಅವರು ಹೇಳಿದ ದಿನ ಕಟ್ಟಿ ಕೊಡಿ. ಸೇನೆಗೆ ಕಟ್ಟುವ ತಿಂಗಳ ಶುಲ್ಕದ ರಶೀದಿಯನ್ನೂ ಜೋಪಾನ ಮಾಡಿ. ಪಂಚಾಯತಿನಲ್ಲಿ ಅದನ್ನು ಕೇಳುವುದುಂಟು.

ರದ್ದತಿಯ ಆದೇಶ ಬಂದ ಮೇಲೆ ಅದರ ಮೂರು ಪ್ರತಿ ತೆಗೆಸಿ. ಒಂದು ನಿಮಗೆ, ಒಂದು ಲೈಸೆನ್ಸ್ ಯಾರ ಹೆಸರಿನಲ್ಲಿತ್ತೋ ಅವರಿಗೆ. ಮೂರನೆಯದು ಕಟ್ಟಡದ ಯಜಮಾನರಿಗೆ. ನನ್ನ ಕೋಣೆಯನ್ನು ಒಬ್ಬ ಟೈಲರ್ ಹುಡುಗಿ ಬಾಡಿಗೆಗೆ ತೆಗೆದುಕೊಂಡಿದ್ದಳು. ಆ ಕಟ್ಟಡದ ಸಂಖ್ಯೆಯಲ್ಲಿ ಮೊದಲೇ ಒಂದು ವೀಡಿಯೊ ಅಂಗಡಿ ಇದೆ ಎಂದು ಅವಳ ಲೈಸೆನ್ಸ್ ಅರ್ಜಿ ನಾಲ್ಕು ತಿಂಗಳಿಂದ ನಿಂತಿತ್ತು. ಆದೇಶದ ಪ್ರತಿಯನ್ನು ನಾನೇ ಒಯ್ದು ಕೊಟ್ಟೆ. ಅವಳು ಎರಡು ಹೊಲಿಗೆ ಯಂತ್ರಗಳನ್ನು ಕನ್ನಡ ಕಪಾಟು ಇದ್ದ ಗೋಡೆಯ ಬದಿಗೆ ಇಟ್ಟುಕೊಂಡಿದ್ದಾಳೆ, ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ.