ಬರೀ ಕಾಫಿ ಅಲ್ವಾ ಮೇಡಂ?

ಶಿವಮೊಗ್ಗದಲ್ಲಿ ಅನಸ್ತೇಶಿಯಾ ಡಾಕ್ಟರಾಗಿ ಸೇರಿದ ಹೊಸತರಲ್ಲಿ ನಾನೂ ಎಲ್ಲರ ಹಾಗೆ ಸಿಸೇರಿಯನ್ ಹಿಂದಿನ ಸಂಜೆ ಕೇಸ್ ಶೀಟಿನಲ್ಲಿ 'ರಾತ್ರಿ 12ರಿಂದ ಬಾಯಿಗೆ ಏನೂ ಬೇಡ' ಅಂತ ಬರೆದು ಮನೆಗೆ ಹೋಗುತ್ತಿದ್ದೆ. ಆ ಚಾಳಿ ಬಿಡಿಸಿದ್ದು ಹೊಸನಗರದ ಕಡೆಯ ಒಬ್ಬ ಹುಡುಗಿ. ಸಂಜೆ 7.30ಕ್ಕೆ ಗಂಜಿ ಉಂಡವಳು. ಬೆಳಗ್ಗೆ 9ಕ್ಕೆ ಅಂದಿದ್ದ ಆಪರೇಷನ್, ನಡುವೆ ಎರಡು ಎಮರ್ಜೆನ್ಸಿ ಬಂದು ಮಧ್ಯಾಹ್ನ 1.30ಕ್ಕೆ ಹೋಯಿತು. ಟೇಬಲ್ ಮೇಲೆ ಕೂರಿಸಿದಾಗ ತುಟಿ ಸಿಪ್ಪೆ ಎದ್ದಿತ್ತು. "ಬಾಯಿ ಮುಕ್ಕಳಿಸಿ ಉಗಿದ್ರೂ ತಪ್ಪಾಗತ್ತಾ ಮೇಡಂ?" ಅಂದಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಬಿಪಿ ಇಳಿದು ಹಳದಿ ನೀರು ವಾಂತಿ ಮಾಡಿದಳು. ಬಿಪಿ ಇಳಿಯುವುದು ಹೊಟ್ಟೆ ಖಾಲಿ ಇಲ್ಲದವರಿಗೂ ಇದ್ದದ್ದೇ, ಎಲ್ಲವನ್ನೂ ಉಪವಾಸದ ತಲೆಗೆ ಕಟ್ಟುವುದಿಲ್ಲ. ಆದರೆ ರಾತ್ರಿ 12ರಿಂದ ಆ ಹದಿಮೂರೂವರೆ ಗಂಟೆಯ ಬಾಯಾರಿಕೆ ನಾನು ಬರೆದ ಒಂದು ಸಾಲಿನಿಂದ ಬಂದದ್ದು.

ಉಪವಾಸಕ್ಕೆ ಕೊಡುವ ಕಾರಣ ಸುಳ್ಳಲ್ಲ. 1946ರಲ್ಲಿ ನ್ಯೂಯಾರ್ಕಿನ ಮೆಂಡೆಲ್ಸನ್ ಎಂಬ ಹೆರಿಗೆ ಡಾಕ್ಟರು 44,016 ಗರ್ಭಿಣಿಯರ ದಾಖಲೆ ನೋಡಿದಾಗ, 66 ಮಂದಿಗೆ ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದಿತ್ತು. ಗಟ್ಟಿ ಆಹಾರ ಸಿಕ್ಕಿಕೊಂಡು ಇಬ್ಬರು ಸತ್ತಿದ್ದರು. ಆಗ ಮುಖಕ್ಕೆ ಮಾಸ್ಕ್ ಹಿಡಿದು ಪ್ರಜ್ಞೆ ತಪ್ಪಿಸುವ ಕಾಲ. ಈಗ ಹೆಚ್ಚಿನ ಸಿಸೇರಿಯನ್ ಬೆನ್ನಿನ ಇಂಜೆಕ್ಷನ್ನಿನಲ್ಲೇ ಮುಗಿಯುತ್ತದೆ. ಆದರೂ ಅದು ಕೈಕೊಟ್ಟರೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾದೀತು, ಬಸುರಿಯ ಹೊಟ್ಟೆಯ ಬಾಯಿ ಮೊದಲೇ ಸಡಿಲ. ಹಾಗಾಗಿ ಗಟ್ಟಿ ಆಹಾರಕ್ಕೆ 6 ಗಂಟೆ, ಕರಿದದ್ದು, ಜಿಡ್ಡಿನದ್ದು ಆದರೆ 8 ಗಂಟೆ ಬಿಡಲೇಬೇಕು. ನೀರಿನ ಮಾತು ಬೇರೆ. ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, 2 ಗಂಟೆ ಸಾಕು.

ಈಗ ನಾನು 'ರಾತ್ರಿಯಿಂದ' ಅಂತ ಬರೆಯುವುದಿಲ್ಲ, ಗಡಿಯಾರದ ಹೊತ್ತು ಬರೆಯುತ್ತೇನೆ. 9ಕ್ಕೆ ಆಪರೇಷನ್ ಇದ್ದರೆ ರಾತ್ರಿ 10ರೊಳಗೆ ಊಟ, ಬೆಳಗ್ಗೆ 7ರ ತನಕ ನೀರು. ಮಧ್ಯಾಹ್ನ 2ಕ್ಕಾದರೆ ಬೆಳಗ್ಗೆ 7ಕ್ಕೆ ಎರಡು ಇಡ್ಲಿ, 12ರ ತನಕ ನೀರು. ಲಿಸ್ಟ್ ಹಿಂದೆ ಬಿದ್ದರೆ ವಾರ್ಡಿಗೆ ಫೋನ್ ಮಾಡಿ 'ಇನ್ನೊಂದು ಲೋಟ ಕೊಡಿ' ಅನ್ನುತ್ತೇನೆ. ಮೊದಮೊದಲು ಸಿಸ್ಟರ್‌ಗಳು ನಂಬಲಿಲ್ಲ, ಬರೆದು ಸಹಿ ಹಾಕಿ ಅಂದರು. ಅವರು ಕೇಳಿದ್ದು ಸರಿಯೇ. ಹೆರಿಗೆ ನೋವು ಶುರುವಾದವರಿಗೆ ಈ ಲೆಕ್ಕ ಹಿಡಿಯುವುದಿಲ್ಲ, ಅವರ ಹೊಟ್ಟೆ ನಿಧಾನ. ಸಕ್ಕರೆ ಕಾಯಿಲೆ ಇರುವವರದ್ದನ್ನು ಒಬ್ಬೊಬ್ಬರದ್ದೇ ನೋಡಿ ಹೇಳುತ್ತೇನೆ.

ತಕರಾರು ಬರುವುದು 'ನೀರು' ಅಂದರೆ ಯಾವುದು ಅನ್ನುವಲ್ಲಿ. ಮಲೆನಾಡಿನ ಮನೆಯವರು ಚೀಲದ ತುಂಬ ಫ್ಲಾಸ್ಕ್ ತಂದಿರುತ್ತಾರೆ. ಗಾಜಿನ ಲೋಟಕ್ಕೆ ಬಗ್ಗಿಸಿ ಹಿಂದೆ ಪೇಪರ್ ಹಿಡಿಯಿರಿ, ಅಕ್ಷರ ಓದಲು ಬಂದರೆ ಕುಡಿಯಬಹುದು ಅಂತ ತೋರಿಸುತ್ತೇನೆ. ಎಳನೀರು, ಹಾಲಿಲ್ಲದ ಚಹಾ, ಸೋಸಿದ ಪುನರ್ಪುಳಿ ಪಾನಕ ಪಾಸು. ಗಂಜಿ ತಿಳಿ, ಮಜ್ಜಿಗೆ, ಹಾಲು ಹಾಕಿದ ಕಷಾಯ ಫೇಲು. ಹಾಲು ಹೊಟ್ಟೆಗೆ ಹೋದರೆ ಗಟ್ಟಿಯಾಗುತ್ತದೆ, ಅದಕ್ಕೂ 6 ಗಂಟೆ.

ಇದನ್ನೆಲ್ಲ ಹಿಂದಿನ ದಿನ ತೋರಿಸಿದ್ದರೂ, ತೀರ್ಥಹಳ್ಳಿ ಕಡೆಯ ಒಬ್ಬ ಅತ್ತೆ ಬೆಳಗ್ಗೆ 6ಕ್ಕೆ ಸೊಸೆಗೆ ದೊಡ್ಡ ಲೋಟ ಹಾಲಿನ ಕಾಫಿ ಕೊಟ್ಟಿದ್ದರು. "ತಿಂಡಿ ಏನೂ ಕೊಟ್ಟಿಲ್ಲ, ಬರೀ ಕಾಫಿ ಅಲ್ವಾ ಮೇಡಂ?" ಈ ಸೀಮೆಯಲ್ಲಿ ಕಾಫಿಯನ್ನು ಯಾರೂ ಹೊಟ್ಟೆಗೆ ಹೋದದ್ದರ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಮ್ಮಮ್ಮನೂ ಏಕಾದಶಿಗೆ ಕುಡಿಯುತ್ತಿದ್ದರು. 9 ಗಂಟೆಯ ಕೇಸನ್ನು 12ರ ಮೇಲೆ ಎಂದೆ. ಗಂಡನ ಮುಖ ಸಣ್ಣದಾಯಿತು, ಜೋಯಿಸರು 9.20ಕ್ಕೆ ಮುಹೂರ್ತ ಇಟ್ಟುಕೊಟ್ಟಿದ್ದರಂತೆ. ಕಾರಿಡಾರಿನಲ್ಲಿ ನಿಂತು ಅವರಿಗೇ ಫೋನ್ ಹಚ್ಚಿದ. ಐದು ನಿಮಿಷಕ್ಕೆ ನಗುತ್ತ ಬಂದ: "ಮಧ್ಯಾಹ್ನದ ಅಭಿಜಿನ್ ಮುಹೂರ್ತ ಇನ್ನೂ ಒಳ್ಳೇದಂತೆ ಮೇಡಂ, 12.10ಕ್ಕೆ ತೆಗೀರಿ."