ಅರೋರಾ ಮೊದಲು ಎದ್ದರೆ: 'ಪ್ಯಾಸೆಂಜರ್ಸ್' ಚಿತ್ರವನ್ನು ನಾನು ಮತ್ತೆ ಎಡಿಟ್ ಮಾಡಿದ ಅನುಭವ

2016ರಲ್ಲಿ ಬಂದ 'ಪ್ಯಾಸೆಂಜರ್ಸ್' ನೋಡಿದವರಲ್ಲಿ ಬಹಳ ಜನ ಹೇಳುವ ಮಾತು ಒಂದೇ: ಐಡಿಯಾ ಚೆನ್ನಾಗಿತ್ತು, ಸಿನಿಮಾ ಕೆಡಿಸಿದರು. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯ ಸಿನಿಮಾಗೆ ಬೇಕಾದದ್ದು ಬಹುಪಾಲು ಅದರೊಳಗೇ ಇದೆ. ಜೋಡಿಸಿದ ಕ್ರಮ ಸರಿಯಿಲ್ಲ, ಅಷ್ಟೇ. ಇದನ್ನು ಬಾಯಲ್ಲಿ ವಾದ ಮಾಡುವುದಕ್ಕಿಂತ ಮಾಡಿಯೇ ನೋಡೋಣ ಎಂದು ಕೂತೆ.

ಕಥೆ ಗೊತ್ತಿಲ್ಲದವರಿಗೆ ಗುಟ್ಟು ಬಿಟ್ಟುಕೊಡದೆ ವಿಧಿಯಿಲ್ಲ. ಅವಲಾನ್ ಎಂಬ ನೌಕೆ 5,000 ಪ್ರಯಾಣಿಕರನ್ನು ಹೊತ್ತು ಹೊಸ ಗ್ರಹಕ್ಕೆ ಹೊರಟಿದೆ. 120 ವರ್ಷದ ಪ್ರಯಾಣ. ಎಲ್ಲರೂ ಪಾಡ್ ಎಂಬ ಮುಚ್ಚಿದ ಪೆಟ್ಟಿಗೆಗಳಲ್ಲಿ ದೀರ್ಘ ನಿದ್ದೆಯಲ್ಲಿದ್ದಾರೆ. ನೌಕೆಗೆ ಕಲ್ಲು ಬಡಿದು ಜಿಮ್ ಎಂಬವನ ಪಾಡ್ ಕೆಡುತ್ತದೆ. ತಲುಪಲು ಇನ್ನೂ 90 ವರ್ಷ ಇರುವಾಗಲೇ ಅವನಿಗೆ ಎಚ್ಚರವಾಗುತ್ತದೆ. ಮತ್ತೆ ಮಲಗುವ ದಾರಿಯಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಅವನು ಒಬ್ಬನೇ. ಮಾತಿಗೆ ಇರುವುದು ಬಾರ್‌ನಲ್ಲಿರುವ ಆರ್ಥರ್ ಎಂಬ ರೋಬಾಟ್ ಮಾತ್ರ. ಕೊನೆಗೆ ಜಿಮ್ ತಡೆಯಲಾರದೆ, ಮಲಗಿದ್ದ ಅರೋರಾಳ ಪಾಡನ್ನು ತಾನೇ ಕೆಡಿಸಿ ಅವಳನ್ನು ಎಬ್ಬಿಸುತ್ತಾನೆ. ಅದೂ ತಾನಾಗಿ ಕೆಟ್ಟಿತು ಎಂದು ಅವಳು ನಂಬುತ್ತಾಳೆ. ಅವನು ಸುಮ್ಮನಿರುತ್ತಾನೆ. ಇಬ್ಬರ ನಡುವೆ ಪ್ರೀತಿ ಹುಟ್ಟುತ್ತದೆ. ಒಂದು ದಿನ ಆರ್ಥರ್ ಬಾಯಿಬಿಡುತ್ತಾನೆ.

ಮೂಲ ಚಿತ್ರ ಇದನ್ನೆಲ್ಲ ನಡೆದ ಕ್ರಮದಲ್ಲೇ ತೋರಿಸುತ್ತದೆ. ಹೆಚ್ಚುಕಡಿಮೆ ಮೊದಲ ಅರ್ಧ ಗಂಟೆ ನಾವು ಜಿಮ್ ಜೊತೆಗೇ ಇರುತ್ತೇವೆ. ಅವನ ಒಂಟಿತನ ನಮ್ಮದೂ ಆಗುತ್ತದೆ. ಅರೋರಾ ಏಳುವ ಹೊತ್ತಿಗೆ ನಾವು ಅವನ ಪರ ಆಗಿಬಿಟ್ಟಿರುತ್ತೇವೆ. ಆಮೇಲಿನ ಪ್ರೇಮಕಥೆಯುದ್ದಕ್ಕೂ ಅವಳು ನಮ್ಮ ಕಣ್ಣಿಗೆ ಏನೂ ತಿಳಿಯದ ಹುಡುಗಿ. ನನ್ನನ್ನು ಕಾಡಿದ್ದು ಇದೇ. ಅನ್ಯಾಯ ಆದದ್ದು ಅವಳಿಗೆ, ಸಿನಿಮಾ ನಿಂತಿರುವುದು ಅವನ ಪಕ್ಕದಲ್ಲಿ.

ಮೇಜಿನ ಕೆಳಗೆ ಬಾಂಬ್ ಇದೆ ಎಂದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ ಸಸ್ಪೆನ್ಸ್ ಹುಟ್ಟುತ್ತದೆ ಎಂದು ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದರು. ಮೂಲ ಚಿತ್ರವನ್ನು ಮೆಚ್ಚುವವರು ಇದೇ ವಾದ ತರುತ್ತಾರೆ. ಒಪ್ಪತಕ್ಕ ಮಾತೇ. ಆದರೆ ಇಲ್ಲಿ ಬಾಂಬ್ ಇಟ್ಟವನ ಜೊತೆಗೇ ನಾವು ಅರ್ಧ ಗಂಟೆ ಕಳೆದಿದ್ದೇವೆ, ಅವನ ಮೇಲೆ ಮರುಕವೂ ಹುಟ್ಟಿದೆ. ಹಾಗಾಗಿ ನಮಗಾಗುವುದು ಭಯ ಅಲ್ಲ, ಮುಜುಗರ. ಅರೋರಾಳಿಂದ ಸಿನಿಮಾ ಶುರುವಾಗಬೇಕಿತ್ತು ಎಂಬ ಯೋಚನೆ ನನ್ನೊಬ್ಬನದೇನಲ್ಲ. ಚಿತ್ರ ಬಂದಾಗಿನಿಂದ ಎಷ್ಟೋ ಜನ ಹೇಳಿದ್ದಾರೆ. ಹೇಳುವುದು ಸುಲಭ. ಎಡಿಟಿಂಗ್‌ನ ಟೈಮ್‌ಲೈನ್ ಮೇಲೆ ಅದು ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಅಭಿಮಾನಿಗಳು ಹೀಗೆ ಸಿನಿಮಾ ಮರುಜೋಡಿಸುವುದು ಹೊಸದಲ್ಲ. 1999ರ 'ಸ್ಟಾರ್ ವಾರ್ಸ್' ಚಿತ್ರ 'ದಿ ಫ್ಯಾಂಟಮ್ ಮೆನೇಸ್' ಅನ್ನು ಒಬ್ಬರು ಸುಮಾರು 20 ನಿಮಿಷ ಕತ್ತರಿಸಿ 'ದಿ ಫ್ಯಾಂಟಮ್ ಎಡಿಟ್' ಮಾಡಿದರು. 2001ರ ಹೊತ್ತಿಗೆ ಅದು ಕೈಯಿಂದ ಕೈಗೆ ಹರಿದಾಡಿತು. ಆಮೇಲೆ ಇದೊಂದು ಪರಂಪರೆಯೇ ಆಯಿತು. ಇದಕ್ಕೊಂದು ಕಟ್ಟುಪಾಡೂ ಇದೆ. ಮೂಲ ಸಿನಿಮಾದ ಅಧಿಕೃತ ಪ್ರತಿಯನ್ನು ದುಡ್ಡು ಕೊಟ್ಟು ಕೊಂಡಿರಬೇಕು. ಮಾಡಿದ ಎಡಿಟ್ ಮಾರಬಾರದು. ನಾನೂ ಅದನ್ನು ಪಾಲಿಸುತ್ತೇನೆ. ಮೂಲ ಸೃಷ್ಟಿ ಬೇರೆಯವರದು, ಅದರಿಂದ ಗಳಿಸುವ ಹಕ್ಕು ನನಗಿಲ್ಲ.

ಕೆಲಸಕ್ಕೆ ಬರೋಣ. ಬ್ಲೂ-ರೇ ಡಿಸ್ಕ್‌ನಲ್ಲಿರುವ ವಿಡಿಯೋವನ್ನು ನೇರವಾಗಿ ಎಡಿಟ್ ಮಾಡಬಾರದು. ಅದನ್ನು ಬಹಳ ಒತ್ತಿ ಕುಗ್ಗಿಸಿರುತ್ತಾರೆ. ಹೆಚ್ಚಿನ ಫ್ರೇಮ್‌ಗಳು ಪೂರ್ತಿ ಚಿತ್ರವಾಗಿ ಇರುವುದೇ ಇಲ್ಲ, ಅಕ್ಕಪಕ್ಕದ ಫ್ರೇಮ್‌ಗಿಂತ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ ಇರುತ್ತದೆ. ಅಲ್ಲಿ ಕಟ್ ಹಾಕಿದರೆ ಕಂಪ್ಯೂಟರ್ ತಡವರಿಸುತ್ತದೆ. ಆದ್ದರಿಂದ ಮೊದಲು ಪ್ರೋರೆಸ್ ಎಂಬ, ಎಡಿಟಿಂಗ್‌ಗೆಂದೇ ಇರುವ ವಿಡಿಯೋ ಫಾರ್ಮ್ಯಾಟ್‌ಗೆ ಬದಲಾಯಿಸಿಕೊಂಡೆ. ಫೈಲ್ ದೈತ್ಯವಾಗುತ್ತದೆ, ಆದರೆ ಪ್ರತಿ ಫ್ರೇಮೂ ಸ್ವತಂತ್ರವಾಗಿ ಸಿಗುತ್ತದೆ. ಪ್ರಾಜೆಕ್ಟ್‌ನ ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನು, ಮೂಲದಲ್ಲಿದ್ದ 23.976ಕ್ಕೇ ಇಡಬೇಕು. 25 ಅಥವಾ 30 ಮಾಡಿದರೆ ಕ್ಯಾಮೆರಾ ನಿಧಾನವಾಗಿ ಸರಿಯುವ ಶಾಟ್‌ಗಳು ಜರ್ಕ್ ಹೊಡೆಯುತ್ತವೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಬಳಸಿದೆ, ಅದರ ಉಚಿತ ಆವೃತ್ತಿಯೇ ಸಾಕು.

ನಿಜವಾದ ಕಷ್ಟ ಇರುವುದು ಶಬ್ದದಲ್ಲಿ. ಚಿತ್ರವನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಹಿನ್ನೆಲೆ ಸಂಗೀತ ಹಾಗೆ ಬಿಡುವುದಿಲ್ಲ. ಒಂದು ದೃಶ್ಯದಲ್ಲಿ ಶುರುವಾದ ಸಂಗೀತ ಮುಂದಿನ ದೃಶ್ಯದ ನಡುವೆ ಮುಗಿಯುತ್ತಿರುತ್ತದೆ. ಆ ದೃಶ್ಯವನ್ನೇ ಎತ್ತಿ ಬೇರೆ ಕಡೆ ಇಟ್ಟರೆ ಸಂಗೀತ ಕತ್ತು ಹಿಸುಕಿದಂತೆ ನಿಲ್ಲುತ್ತದೆ. ಇಲ್ಲಿ ಕೈ ಹಿಡಿಯುವುದು 5.1 ಸೌಂಡ್. ಅದರಲ್ಲಿ ಆರು ಚಾನೆಲ್ ಬೇರೆ ಬೇರೆಯಾಗಿ ಸಿಗುತ್ತವೆ. ಮಾತು ಬಹುಪಾಲು ಮಧ್ಯದ ಚಾನೆಲ್‌ನಲ್ಲಿ ಇರುತ್ತದೆ, ಸಂಗೀತ ಎಡಬಲಗಳಲ್ಲಿ ಮತ್ತು ಹಿಂದೆ ಹರಡಿರುತ್ತದೆ. ಮಾತನ್ನು ಉಳಿಸಿಕೊಂಡು ಸಂಗೀತ ಇಳಿಸಬಹುದು, ಸಂಗೀತ ಉಳಿಸಿಕೊಂಡು ಒಂದು ಡೈಲಾಗ್ ತೆಗೆಯಬಹುದು. ಪೂರ್ತಿ ಶುದ್ಧವಾಗಿ ಬರುವುದಿಲ್ಲ, ಮಧ್ಯದ ಚಾನೆಲ್‌ನಲ್ಲೂ ಸ್ವಲ್ಪ ಸಂಗೀತ ಸೇರಿರುತ್ತದೆ. ಅಂಥ ಕಡೆ ಈ ಚಿತ್ರಕ್ಕೆ ಸಂಗೀತ ಕೊಟ್ಟ ಥಾಮಸ್ ನ್ಯೂಮನ್ ಅವರ ಸೌಂಡ್‌ಟ್ರ್ಯಾಕ್ ಆಲ್ಬಂ ಉಪಯೋಗಕ್ಕೆ ಬಂತು. ಅಲ್ಲಿ ಸಂಗೀತ ಮಾತಿಲ್ಲದೆ ಸಿಗುತ್ತದೆ. ಅದನ್ನು ಕಟ್‌ನ ಮೇಲೆ ಸೇತುವೆ ಹಾಕಲು ಬಳಸಿದೆ.

ಇನ್ನೊಂದು ಅನುಕೂಲವೂ ಇತ್ತು. ಬಹುಪಾಲು ಕಥೆ ನೌಕೆಯೊಳಗೆ ನಡೆಯುತ್ತದೆ, ಯಂತ್ರದ ಸಣ್ಣ ಗುಂಯ್ ಸದ್ದು ಬೆನ್ನಿಗೇ ಇರುತ್ತದೆ. ಯಾರೂ ಮಾತಾಡದ ಕೆಲವು ಸೆಕೆಂಡ್‌ಗಳಿಂದ ಆ ಸದ್ದನ್ನು ತೆಗೆದು, ಪ್ರತಿ ಹೊಸ ಜೋಡಣೆಯ ಕೆಳಗೂ ಹಾಸಿದೆ. ಕಿವಿಗೆ ಸದ್ದು ಒಂದೇ ಸಮನೆ ಕೇಳುತ್ತಿದ್ದರೆ ಕಣ್ಣು ಕಟ್ ಅನ್ನು ಗಮನಿಸುವುದು ಕಡಿಮೆ. ವಿಜ್ಞಾನ ಕಥೆಯ ಸಿನಿಮಾ ಮರುಜೋಡಿಸುವವರಿಗೆ ಇದು ದೊಡ್ಡ ವರ.

ಶುರು ಹೇಗೆ ಮಾಡುವುದು? ನೌಕೆ ಬರುತ್ತದೆ, ಕಲ್ಲು ಬಡಿಯುತ್ತದೆ. ಇಷ್ಟನ್ನು ಹಾಗೇ ಇಟ್ಟುಕೊಂಡೆ. ಮೂಲದಲ್ಲಿ ಇದರ ಬೆನ್ನಿಗೆ ತೆರೆಯುವುದು ಜಿಮ್‌ನ ಪಾಡ್. ನನ್ನ ಎಡಿಟ್‌ನಲ್ಲಿ ಏಳುವುದು ಅರೋರಾ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ಒಂದು ಪ್ರಯೋಗ ಮಾಡಿದ್ದರು. ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ಶಾಟನ್ನು ಬೇರೆ ಬೇರೆ ಶಾಟ್‌ಗಳ ಪಕ್ಕ ಇಟ್ಟರು. ಸೂಪಿನ ಬಟ್ಟಲಿನ ಪಕ್ಕ ಅದು ಹಸಿವಾಗಿ ಕಂಡಿತು, ಶವಪೆಟ್ಟಿಗೆಯ ಪಕ್ಕ ದುಃಖವಾಗಿ ಕಂಡಿತು. ಎರಡು ಶಾಟ್ ಅಕ್ಕಪಕ್ಕ ಬಂದರೆ ನೋಡುವವರು ತಾವೇ ಸಂಬಂಧ ಕಟ್ಟಿಕೊಳ್ಳುತ್ತಾರೆ. ಇಲ್ಲೂ ಹಾಗೇ. ಕಲ್ಲು ಬಡಿಯಿತು, ಅರೋರಾ ಎದ್ದಳು. ಅವಳ ಪಾಡ್ ಕಲ್ಲಿನಿಂದ ಕೆಟ್ಟಿತು ಎಂದು ನಾನು ಎಲ್ಲೂ ಹೇಳಿಲ್ಲ. ನೋಡುವವರು ನಂಬುತ್ತಾರೆ, ಅರೋರಾ ನಂಬಿದ ಹಾಗೇ. ಅವಳಿಗಾದ ಮೋಸ ನಮಗೂ ಆಗುತ್ತದೆ. ನಾನು ಹುಡುಕುತ್ತಿದ್ದ ಸಿನಿಮಾ ಇದು.

ಇದರಿಂದ ಜಿಮ್ ಪಾತ್ರದ ಕ್ರಿಸ್ ಪ್ರ್ಯಾಟ್ ಅವರ ನಟನೆಯೇ ಬೇರೆಯಾಗಿ ಕಂಡಿತು. ಎಷ್ಟು ದಿನದಿಂದ ಎಚ್ಚರ ಇದ್ದೀಯ ಎಂಬ ಪ್ರಶ್ನೆಗೆ ಉತ್ತರ ಕೊಡುವಾಗಿನ ತಡವರಿಕೆ, ಕಣ್ಣು ತಪ್ಪಿಸುವುದು, ಅತಿಯಾದ ಮೃದುತನ. ಮೂಲದಲ್ಲಿ ಇದೆಲ್ಲ ಪಾಪಪ್ರಜ್ಞೆ. ಹೊಸ ಕ್ರಮದಲ್ಲಿ ಇವನ್ಯಾರು, ಏನು ಮುಚ್ಚಿಡುತ್ತಿದ್ದಾನೆ ಎಂಬ ಸಣ್ಣ ಭಯ. ಒಂದು ಫ್ರೇಮನ್ನೂ ಮುಟ್ಟಲಿಲ್ಲ. ಅದೇ ಮುಖ, ಅದೇ ಮಾತು. ಅಲ್ಲಿ ಇನ್ನೂ ಒಂದೆರಡು ಸೆಕೆಂಡ್ ಅವನ ಮುಖವನ್ನೇ ಹಿಡಿದಿಡಬೇಕು ಎಂಬ ಆಸೆಯಾಗುತ್ತಿತ್ತು. ಇಡಲಿಲ್ಲ. ಒತ್ತಿ ತೋರಿಸಿದರೆ ಗುಟ್ಟು ಅಲ್ಲೇ ರಟ್ಟಾಗುತ್ತದೆ.

ಗುಟ್ಟು ಸೋರುವ ಜಾಗಗಳನ್ನು ಒಂದೊಂದಾಗಿ ಮುಚ್ಚಬೇಕಾಯಿತು. ಅರೋರಾಳನ್ನು ಎಬ್ಬಿಸಿದ್ದು ತಾನೇ ಎಂದು ಅವಳಿಗೆ ಹೇಳಬೇಡ ಅಂತ ಜಿಮ್ ಆರ್ಥರ್‌ಗೆ ಹೇಳುವ ದೃಶ್ಯವಿದೆ. ಅದನ್ನು ಎತ್ತಿ, ಮುಂದೆ ಫ್ಲ್ಯಾಶ್‌ಬ್ಯಾಕ್ ಆಗಿ ಬರುವ ಜಿಮ್‌ನ ಹಿಂದಿನ ಕಥೆಗೆ ಸೇರಿಸಿದೆ. ಆಮೇಲೆ ಆರ್ಥರ್ ಬಾಯಿಬಿಡುವ ದೃಶ್ಯ ಎಷ್ಟು ಗಟ್ಟಿಯಾಯಿತು ಗೊತ್ತಾ? ಆರ್ಥರ್ ಆಗಿ ಮೈಕಲ್ ಶೀನ್ ಆ ಮಾತನ್ನು ನಗುಮುಖದಲ್ಲೇ ಹೇಳುತ್ತಾರೆ. ಅರೋರಾ ಆಗಿರುವ ಜೆನಿಫರ್ ಲಾರೆನ್ಸ್ ಮುಖ ಕುಸಿಯುತ್ತದೆ. ಮೂಲದಲ್ಲಿ ನಾವು ಆ ಕುಸಿತಕ್ಕೆ ಕಾಯುತ್ತಿರುತ್ತೇವೆ. ಇಲ್ಲಿ ಅವಳ ಜೊತೆ ನಾವೂ ಕುಸಿಯುತ್ತೇವೆ.

ಅತಿ ಹೆಚ್ಚು ಯೋಚಿಸಿದ್ದು ಜಿಮ್‌ನ ಆ ಒಂಟಿ ವರ್ಷವನ್ನು ಎಲ್ಲಿಡಬೇಕು ಎಂಬ ಬಗ್ಗೆ. ಎಲ್ಲರಿಗೂ ಮೊದಲು ಹೊಳೆಯುವ ಜಾಗ ಆರ್ಥರ್ ಮಾತಿನ ಬೆನ್ನಿಗೇ. ಆದರೆ ಅಲ್ಲಿ ಫ್ಲ್ಯಾಶ್‌ಬ್ಯಾಕ್ ಬಂದರೆ ಅರೋರಾಳ ಸಿಟ್ಟು ಕಾಯಬೇಕು. ಅವಳ ನೋವಿನ ನಡುವೆ ಅವನ ಕಥೆ ತೂರಿಕೊಂಡು ಬರುತ್ತದೆ. ಬಿಡಿಸಬೇಕೆಂದು ಹೊರಟ ಗಂಟು ಮತ್ತೆ ಅಲ್ಲೇ ಬೀಳುತ್ತದೆ, ಅಲ್ವಾ? ಹಾಗಾಗಿ ಅವಳ ಆಘಾತ, ರಾತ್ರಿ ಅವನ ಮೇಲೆ ಎರಗುವುದು, ಅವನಿಂದ ದೂರ ಇರುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬಿಟ್ಟೆ. ಆಮೇಲೆ ಜಿಮ್ ನೌಕೆಯ ಧ್ವನಿವರ್ಧಕದಲ್ಲಿ ಅವಳಿಗೆ ತನ್ನ ಕಥೆ ಹೇಳುವ ದೃಶ್ಯ ಬರುತ್ತದೆ. ಅವಳಿಗೆ ಕೇಳುವ ಮನಸ್ಸಿಲ್ಲ, ಆದರೂ ಧ್ವನಿ ಬಿಡುವುದಿಲ್ಲ. ಫ್ಲ್ಯಾಶ್‌ಬ್ಯಾಕ್ ಅಲ್ಲಿಂದ ಶುರು. ಈಗ ಅದು ಸಿನಿಮಾ ಹೇಳುವ ಸತ್ಯವಾಗಿ ಉಳಿಯುವುದಿಲ್ಲ, ಒಬ್ಬ ಆರೋಪಿ ಕೊಡುವ ಹೇಳಿಕೆಯಾಗುತ್ತದೆ. ನಂಬುವುದು, ಕ್ಷಮಿಸುವುದು ನೋಡುವವರಿಗೆ ಬಿಟ್ಟದ್ದು.

ಗಡ್ಡವೂ ನೆರವಿಗೆ ಬಂತು. ಆ ವರ್ಷದ ಕೊನೆಯ ಭಾಗದಲ್ಲಿ ಜಿಮ್‌ಗೆ ಉದ್ದನೆಯ ಗಡ್ಡ ಇದೆ, ಅರೋರಾ ಎದ್ದಾಗ ಇಲ್ಲ. ಆದ್ದರಿಂದ ಇದು ಹಳೆಯ ಕಥೆ ಎಂದು ತೋರಿಸಲು ಬಣ್ಣ ಮಾಸುವ ಎಫೆಕ್ಟ್ ಹಾಕುವ ಅಗತ್ಯವೇ ಬೀಳಲಿಲ್ಲ. ಅರ್ಧ ಗಂಟೆಯ ವಸ್ತುವನ್ನು ಬಹಳ ಕುಗ್ಗಿಸಿದೆ. ಡಾನ್ಸ್ ಗೇಮ್, ಬಾಸ್ಕೆಟ್‌ಬಾಲ್ ಆಟ ಎಲ್ಲ ಹೋದವು. ಸಾಯಲು ಹೋಗಿ ವಾಪಸಾಗುವುದು, ಅವಳ ವಿಡಿಯೋ ನೋಡುವುದು, ಮಾಡಲೋ ಬೇಡವೋ ಎಂದು ಆರ್ಥರ್ ಜೊತೆ ಮಾತಾಡುವುದು, ಕೊನೆಗೆ ಪಾಡ್ ಕೆಡಿಸುವುದು ಉಳಿದವು. ಖಾಲಿ ನೌಕೆಯಲ್ಲಿ ಅವನು ಅಲೆಯುವ ಶಾಟ್‌ಗಳು ಈ ಚಿತ್ರದ ಅತ್ಯಂತ ಸುಂದರ ಶಾಟ್‌ಗಳು. ತೆಗೆಯುವಾಗ ಹೊಟ್ಟೆ ಉರಿಯಿತು. ಆದರೆ ಅವು ಇದ್ದಷ್ಟೂ ಸಿನಿಮಾ ಅವನದಾಗುತ್ತದೆ.

ಮೂಲ ನೋಡದವರಿಗೆ ತೋರಿಸುವುದೇ ಇದಕ್ಕೆ ಸರಿಯಾದ ಪರೀಕ್ಷೆ. ನೋಡಿದವರು ತಲೆಯಲ್ಲೇ ಎರಡನ್ನೂ ಹೋಲಿಸುತ್ತಾರೆ, ಅವರ ಅಭಿಪ್ರಾಯ ಜಾಸ್ತಿ ಪ್ರಯೋಜನಕ್ಕೆ ಬರುವುದಿಲ್ಲ. ಹೊಸಬರು ನೋಡುವಾಗ ನಾನು ಪರದೆ ನೋಡಲಿಲ್ಲ, ಅವರನ್ನು ನೋಡಿದೆ. ಅನುಮಾನ ಎಲ್ಲಿ ಹುಟ್ಟಿತು ಎಂದು ಆಮೇಲೆ ಕೇಳಿದೆ. ಏನೋ ಮುಚ್ಚಿಡುತ್ತಿದ್ದಾನೆ ಎಂದು ಕೆಲವರಿಗೆ ಬೇಗ ಅನ್ನಿಸಿತ್ತು. ಏನನ್ನು ಎಂದು ಗೊತ್ತಾಗಿರಲಿಲ್ಲ. ಅಷ್ಟಿದ್ದರೆ ಸಾಕು.

ಎಡಿಟಿಂಗ್‌ನಿಂದ ಸರಿಹೋಗದ್ದೂ ಇದೆ. ಆಮೇಲೆ ಎಚ್ಚರವಾಗುವ ನೌಕೆಯ ಸಿಬ್ಬಂದಿ ಗಸ್ (ಲಾರೆನ್ಸ್ ಫಿಶ್‌ಬರ್ನ್) ಬಂದು, ಮುಳುಗುವವನು ಪಕ್ಕದವರನ್ನು ಎಳೆದೇ ಎಳೆಯುತ್ತಾನೆ ಎಂಬ ಅರ್ಥದ ಮಾತಾಡುತ್ತಾನೆ. ಮೂಲದಲ್ಲಿ ಅದು ಜಿಮ್‌ಗೆ ಸಿಕ್ಕ ಕ್ಷಮಾಪತ್ರದ ಹಾಗಿತ್ತು. ಇಲ್ಲಿ ಅದು ಇನ್ನೊಬ್ಬನ ಅಭಿಪ್ರಾಯ ಮಾತ್ರ, ಅದಕ್ಕೇ ಉಳಿಸಿದೆ. ಆದರೆ ಅದರಾಚೆ ರಿಯಾಕ್ಟರ್ ಕೆಟ್ಟು, ಜಿಮ್ ಪ್ರಾಣ ಪಣಕ್ಕಿಟ್ಟು ಎಲ್ಲರನ್ನೂ ಉಳಿಸಿ, ಅರೋರಾ ಅವನನ್ನು ಬದುಕಿಸುವ ಭಾಗ ಹಾಗೇ ಇದೆ. ಅವನು ಸತ್ತೇ ಹೋಗಿ, ಒಂಟಿಯಾದ ಅರೋರಾ ತಾನೂ ಇನ್ನೊಂದು ಪಾಡ್‌ನ ಮುಂದೆ ನಿಲ್ಲಬೇಕು ಎಂದು ಕೆಲವರು ಹೇಳುತ್ತಾರೆ. ಅದ್ಭುತ ಅಂತ್ಯವೇ. ಅದನ್ನು ನಂಬುವಂತೆ ಕಟ್ಟಲು ಬೇಕಾದಷ್ಟು ಶಾಟ್‌ಗಳು ನನಗೆ ಸಿಗಲಿಲ್ಲ. ಇಲ್ಲದ ಶಾಟ್ ಹುಟ್ಟಿಸಲು ಆಗದು. ಈಗ ಕಂಪ್ಯೂಟರ್‌ನಲ್ಲಿ ಮುಖವನ್ನೇ ಸೃಷ್ಟಿಸಬಹುದು ನಿಜ, ಆದರೆ ನಟಿ ಮಾಡದ ನಟನೆಯನ್ನು ಅವಳ ಮುಖಕ್ಕೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಸಾಹಸದ ಭಾಗವನ್ನು ಚಿಕ್ಕದು ಮಾಡಿದೆ. ನೌಕೆಯ ಚಿಕಿತ್ಸಾ ಯಂತ್ರದಿಂದ ಒಬ್ಬರು ಮಾತ್ರ ಮತ್ತೆ ಮಲಗಬಹುದು ಎಂದು ಕೊನೆಯಲ್ಲಿ ಗೊತ್ತಾಗುತ್ತದೆ; ನಿದ್ದೆಗೆ ಮರಳುವ ಆ ಅವಕಾಶ ಎದುರಿಗಿದ್ದಾಗ ಅರೋರಾ ಏನು ಆಯ್ದುಕೊಳ್ಳುತ್ತಾಳೆ ಎಂಬಲ್ಲಿಗೆ ಒತ್ತು ಬರುವಂತೆ ನೋಡಿಕೊಂಡೆ. ಇಷ್ಟಾದರೂ ನನ್ನ ಎಡಿಟ್‌ನ ಕೊನೆಯ ಭಾಗ ಮೊದಲ ಭಾಗದಷ್ಟು ಗಟ್ಟಿಯಿಲ್ಲ.

ಈಗ 1984ರ 'ಡ್ಯೂನ್' ಚಿತ್ರ ಕೈಗೆತ್ತಿಕೊಂಡಿದ್ದೇನೆ. ಅದರಲ್ಲಿ ಪಾತ್ರಗಳ ಮನಸ್ಸಿನ ಮಾತುಗಳು ಪಿಸುಮಾತಾಗಿ ಆಗಾಗ ಕೇಳುತ್ತವೆ, ಮುಖದಲ್ಲೇ ಕಾಣುವುದನ್ನು ಕಿವಿಗೂ ಹೇಳುತ್ತವೆ. ಆ ಹೊತ್ತಿನಲ್ಲಿ ಬೇರೆ ಯಾರೂ ಮಾತಾಡದಿದ್ದರೆ ಮಧ್ಯದ ಚಾನೆಲ್ ಇಳಿಸಿ ತೆಗೆದುಬಿಡಬಹುದು. ಎಷ್ಟು ಪಿಸುಮಾತು ತೆಗೆದರೆ ಕಥೆ ಅರ್ಥವಾಗದೆ ಹೋಗುತ್ತದೆ ಎಂಬುದನ್ನು ದೃಶ್ಯ ದೃಶ್ಯವಾಗಿ ನೋಡುತ್ತಿದ್ದೇನೆ.