ಪ್ರಾಪರ್ಟಿ, ಎಸ್ಟೇಟ್, ಅಸೆಟ್ಸ್: ಇಟಲಿಯವರಿಗೆ ಪಟ್ಟಿಯಿಲ್ಲದೆ ಕಲಿಸಿದ ಬಗೆ

ಪ್ರಾಪರ್ಟಿ, ಎಸ್ಟೇಟ್, ಅಸೆಟ್ಸ್, ವೆಲ್ತ್, ಬಿಲಾಂಗಿಂಗ್ಸ್, ಗೂಡ್ಸ್, ಪೊಸೆಷನ್, ಓನರ್‌ಶಿಪ್. ಈ ಎಂಟು ಇಂಗ್ಲಿಷ್ ಪದಗಳನ್ನು ಅರ್ಥ ಬರೆಸದೆ ಕಲಿಸುತ್ತೇನೆ ಎಂದಾಗ ಇಟಲಿಯವರಿಗೆ ಆನ್‌ಲೈನ್ ಪಾಠ ಮಾಡುವ ಗೆಳೆಯರು ಯಾರೂ ಒಪ್ಪಲಿಲ್ಲ. ಬಿ2 ಪರೀಕ್ಷೆಗೆ, ಅಂದರೆ ಮಧ್ಯಮಕ್ಕಿಂತ ಮೇಲಿನ ಹಂತದ ಭಾಷಾ ಪರೀಕ್ಷೆಗೆ, ಕೂರುವವರಿಗೆ ಪದ-ಅರ್ಥದ ಪಟ್ಟಿ ಬೇಕೇ ಬೇಕು ಎಂಬುದು ಅವರ ವಾದ. ಪಟ್ಟಿ ಹಿಡಿದು ಕಲಿತ ಮೊದಲ ತಂಡ ಇಪ್ಪತ್ತು ಬಿಟ್ಟಸ್ಥಳಗಳಲ್ಲಿ ಹತ್ತು ದಾಟಲಿಲ್ಲ. ಪಟ್ಟಿ ಬಿಟ್ಟ ಮೂರನೆಯ ತಂಡ ಹದಿನಾರು, ಹದಿನೇಳು ಸರಿ ತುಂಬಿತು. ಅದೂ ಎರಡು ವಾರ ಬಿಟ್ಟು, ಮುನ್ಸೂಚನೆ ಕೊಡದೆ ಇಟ್ಟ ಪರೀಕ್ಷೆಯಲ್ಲಿ.

ಮೊದಲು ಕೈಸುಟ್ಟುಕೊಂಡ ಲೆಕ್ಕ. ಪದಕ್ಕೊಂದು ಚಿತ್ರದ ಕಾರ್ಡು ಬರೆಸಿದ್ದಕ್ಕೆ ಸುಮಾರು 6,500 ರೂಪಾಯಿ ಹೋಯಿತು. ಗಂಟೆಗೆ 18 ಯೂರೋ ಪಡೆಯುವ ಪಾಠದಲ್ಲಿ ಅದು ಮೂರ್ನಾಲ್ಕು ಗಂಟೆಯ ದುಡಿಮೆ. ಕಾರ್ಡು ಕೆಲಸಕ್ಕೆ ಬಾರದ ಕಾರಣ ಸರಳ: ಮನೆಯ ಚಿತ್ರ ತೋರಿಸಿದರೆ ಅದು ಪ್ರಾಪರ್ಟಿಯೂ ಹೌದು, ಅಸೆಟ್ಟೂ ಹೌದು, ಸತ್ತವರದಾದರೆ ಎಸ್ಟೇಟಿನ ಭಾಗವೂ ಹೌದು. ವಸ್ತು ಒಂದೇ, ಬದಲಾಗುವುದು ಅದನ್ನು ನೋಡುವ ಕಣ್ಣು. ಇದು ಹೊಳೆದ ಮೇಲೆಯೇ ಪಾಠ ಹಳಿಗೆ ಬಂದದ್ದು.

ಇಟಾಲಿಯನ್ ಭಾಷೆಯಲ್ಲಿ ಮೂರು ದೊಡ್ಡ ಚೀಲಗಳಿವೆ. ‘ಪ್ರೊಪ್ರಿಯೆತಾ’ದಲ್ಲಿ ಒಡೆತನವೂ ಇದೆ, ಒಡೆತನದ ಮನೆ-ಜಮೀನೂ ಇದೆ. ‘ಬೇನಿ’ಯಲ್ಲಿ ಸರಕು, ಸ್ವತ್ತು, ಚರಾಸ್ತಿ, ಸ್ಥಿರಾಸ್ತಿ ಎಲ್ಲವೂ ಇವೆ. ‘ಪಾತ್ರಿಮೋನಿಯೊ’ದಲ್ಲಿ ಅತ್ತೆಯ ಬ್ಯಾಂಕಿನ ದುಡ್ಡೂ ಸೇರುತ್ತದೆ, 1997ರಲ್ಲಿ ವಿಶ್ವ ಪರಂಪರೆಯ ತಾಣವಾದ ಪೊಂಪೆಯಿಯೂ ಸೇರುತ್ತದೆ. ಹಾಗಾಗಿ ಅವರ ಬರಹದಲ್ಲಿ ‘ಪ್ಯಾಟ್ರಿಮನಿ’ ಎಂಬ ಅಪರೂಪದ ಇಂಗ್ಲಿಷ್ ಪದ ಮತ್ತೆಮತ್ತೆ ಇಣುಕುತ್ತದೆ. ಪ್ರಾಪರ್ಟಿಯ ಬದಲು ‘ಪ್ರೊಪ್ರೈಟಿ’ ಎಂದು ಬರೆಯುವವರೂ ಇದ್ದಾರೆ. ಅದರ ಅರ್ಥ ನಡತೆಯ ಔಚಿತ್ಯ ಎಂದು ಒಮ್ಮೆ ಹೇಳಿದರೆ ಸಾಕು, ಆ ತಪ್ಪು ಬೇಗ ಬಿಡುತ್ತದೆ.

ಎಸ್ಟೇಟ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದೇ ಅಕ್ಷರಗಳನ್ನು ಇಟಾಲಿಯನ್ನರು ‘ಎಸ್ತಾತೆ’ ಎಂದು ಓದುತ್ತಾರೆ, ಅರ್ಥ ಬೇಸಿಗೆ. ನಮಗೆ ಎಸ್ಟೇಟ್ ಎಂದ ಕೂಡಲೇ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟ ಕಣ್ಣಿಗೆ ಬರುತ್ತದೆ. ಅವರ ‘ತೆನೂತ’ಕ್ಕೆ ಅದು ಹತ್ತಿರ. ಆದರೆ ಆ ಅರ್ಥದಿಂದ ಶುರು ಮಾಡಬೇಡಿ. ಮೃತರು ಬಿಟ್ಟುಹೋದದ್ದೆಲ್ಲವೂ ಎಸ್ಟೇಟ್ ಎಂಬಲ್ಲಿಂದ ಶುರು ಮಾಡಿ, ತೋಟವನ್ನು ಆಮೇಲೆ ಸೇರಿಸಿ. ತಿರುಗಿಸಿ ಮಾಡಿದ ತಂಡದಲ್ಲಿ ‘ಸತ್ತವರ ಎಸ್ಟೇಟಿನಲ್ಲಿ ಬರೀ ಉಂಗುರವಿತ್ತು’ ಎಂಬಂಥ ವಾಕ್ಯ ಅರ್ಧದಷ್ಟು ಜನರಿಗೆ ಕೊನೆಯವರೆಗೂ ಒಗ್ಗಲಿಲ್ಲ.

ಈಗ ವಿಧಾನ. ಉತ್ತರ ಇಟಲಿಯ ಕೂನೆಯೊ ಕಡೆಯ ಒಬ್ಬ ಅತ್ತೆ ತೀರಿಕೊಂಡಿದ್ದಾಳೆ ಎಂದು ಕಟ್ಟಿಕೊಳ್ಳಿ. ಬಿಟ್ಟುಹೋದದ್ದು ಒಂದು ಮನೆ, ಒಂದಿಷ್ಟು ದ್ರಾಕ್ಷಿತೋಟ, ಷೇರು, ಪೀಠೋಪಕರಣ, ಒಂದು ಸೂಟ್‌ಕೇಸಿನಲ್ಲಿ ಬಟ್ಟೆಬರೆ, ಒಡವೆ. ಇಡೀ ಪಾಠಕ್ಕೆ ವಸ್ತು ಇಷ್ಟೇ, ಹೊಸದೇನನ್ನೂ ಸೇರಿಸಬಾರದು. ಒಬ್ಬೊಬ್ಬರಾಗಿ ಬಂದು ಕೇಳುವವರನ್ನು ಮಾತ್ರ ಬದಲಿಸುತ್ತಾ ಹೋಗಿ. ನೊತಾಯೊ, ಅಂದರೆ ಆಸ್ತಿಪತ್ರ ಮಾಡಿಕೊಡುವ ಇಟಲಿಯ ಕಾನೂನು ಅಧಿಕಾರಿ, ಕೇಳಿದರೆ ಎಸ್ಟೇಟ್. ಬ್ಯಾಂಕಿನವರು ಕೇಳಿದರೆ ಅಸೆಟ್ಸ್. ಮನೆ ಮಾರಿಸಿಕೊಡುವ ಏಜೆಂಟ್ ಬಂದರೆ ಅದೇ ಮನೆ ಪ್ರಾಪರ್ಟಿ. ಸಾಮಾನನ್ನು ಲಾರಿಗೆ ಏರಿಸುವವರಿಗೆ ಗೂಡ್ಸ್. ಸೂಟ್‌ಕೇಸ್ ಕಂಡ ರೈಲ್ವೆ ಸಿಬ್ಬಂದಿಗೆ ಬಿಲಾಂಗಿಂಗ್ಸ್. ಸಂಪತ್ತಿನ ತೆರಿಗೆ ಬೇಕೋ ಬೇಡವೋ ಎಂದು ಬರೆಯುವ ಪತ್ರಕರ್ತನಿಗೆ ವೆಲ್ತ್. ಪೊಸೆಷನ್ ಮತ್ತು ಓನರ್‌ಶಿಪ್ ಎರಡನ್ನೂ ಈ ಸುತ್ತಿನಲ್ಲಿ ತರಬೇಡಿ.

ನೊತಾಯೊ ಬಗ್ಗೆ ನಮ್ಮವರಿಗೊಂದು ಎಚ್ಚರಿಕೆ. ಅವರು ನಮ್ಮ ಕೋರ್ಟಿನ ಹೊರಗೆ ಮೊಹರು ಒತ್ತುವ ನೋಟರಿಯಲ್ಲ. ಇಟಲಿಯಲ್ಲಿ ಮನೆಯ ಕ್ರಯಪತ್ರ ಅವರ ಮುಂದೆಯೇ ಆಗಬೇಕು, ಅದಕ್ಕೆ ‘ರೊಜಿತೊ’ ಎನ್ನುತ್ತಾರೆ. ಉತ್ತರಾಧಿಕಾರದ ಘೋಷಣೆಯನ್ನು ಸಾವಿನಿಂದ 12 ತಿಂಗಳೊಳಗೆ ತೆರಿಗೆ ಇಲಾಖೆಗೆ ಕೊಡಬೇಕು ಎಂಬುದೂ ಕಲಿಯುವ ಇಟಾಲಿಯನ್ನರಿಗೆ ಗೊತ್ತು. ಹೀಗೆ ಗೊತ್ತಿರುವ ಕಚೇರಿಗೇ ಪದವನ್ನು ಕಟ್ಟಿದರೆ ಅದು ಕಳಚಿಕೊಳ್ಳುವುದಿಲ್ಲ.

ಐವತ್ತು ನಿಮಿಷದ ಮೂರು ತರಗತಿ ಬೇಕು. ಒಂದನೆಯದರಲ್ಲಿ ಕೇಳುವವರು. ಎರಡನೆಯದರಲ್ಲಿ ಕ್ರಿಯಾಪದಗಳ ಚೀಟಿ, ಸುಮಾರು 24: ಅಸೆಟ್ಸನ್ನು ಫ್ರೀಜ್ ಮಾಡುತ್ತಾರೆ, ಎಸ್ಟೇಟನ್ನು ಸೆಟಲ್ ಮಾಡುತ್ತಾರೆ, ಗೂಡ್ಸನ್ನು ಡೆಲಿವರ್ ಮಾಡುತ್ತಾರೆ, ಓನರ್‌ಶಿಪ್ಪನ್ನು ಟ್ರಾನ್ಸ್‌ಫರ್ ಮಾಡುತ್ತಾರೆ, ವೆಲ್ತನ್ನು ಅಕ್ಯುಮುಲೇಟ್ ಮಾಡುತ್ತಾರೆ. ನಾಮಪದ ಮರೆತವರು ಕ್ರಿಯಾಪದ ಹಿಡಿದು ಅದನ್ನು ತಲುಪುತ್ತಾರೆ. ಮೂರನೆಯದು ಪೂರಾ ಎಣಿಕೆಗೆ, ಅಂದರೆ ಏಕವಚನ-ಬಹುವಚನಕ್ಕೆ, ಅತಿ ಹೆಚ್ಚು ಅಂಕ ಸೋರುವುದು ಅಲ್ಲೇ. ‘ರಿಕ್ಕೆತ್ಸೆ’ ಎಂಬ ಬಹುವಚನ ಅವರಲ್ಲಿರುವುದರಿಂದ ‘ವೆಲ್ತ್ಸ್’ ಎನ್ನುತ್ತಾರೆ. ಗೂಡ್ಸಿಗೆ ಅರ್ಥಶಾಸ್ತ್ರದ ಪುಸ್ತಕದ ಹೊರಗೆ ಏಕವಚನವಿಲ್ಲ. ಬಿಲಾಂಗಿಂಗ್ಸಿನ ‘ಸ್’ ತೆಗೆದರೆ ‘ನಮ್ಮವರು’ ಎಂಬ ಭಾವವಾಗಿಬಿಡುತ್ತದೆ. ಪ್ರಾಪರ್ಟಿಗೆ ಎರಡು ಬಾಳು: ಮನೆಯಾದರೆ ಒಂದು, ಎರಡು, ಮೂರು ಎಂದು ಎಣಿಸಬಹುದು, ಕಳೆದುಹೋದ ಕೊಡೆ, ಕದ್ದ ಮಾಲು ಎಷ್ಟೇ ಇದ್ದರೂ ಬರೀ ಪ್ರಾಪರ್ಟಿ. ‘ಲಾಸ್ಟ್ ಪ್ರಾಪರ್ಟೀಸ್’ ಎಂದು ಬರೆಯದ ಇಟಾಲಿಯನ್ನರು ಬಲು ವಿರಳ. ಈ ಒಂದಕ್ಕೇ ಹತ್ತು ನಿಮಿಷ ಕೊಡಿ.

ಪೊಸೆಷನ್ ಮತ್ತು ಓನರ್‌ಶಿಪ್ ಬೇರೆ ಮಾಡಲು ಮೊದಲು ಹಿಡಿದದ್ದು ಅವರದೇ 1942ರ ನಾಗರಿಕ ಸಂಹಿತೆ. 832ನೆಯ ವಿಧಿ ಒಡೆತನಕ್ಕೆ, 1140ನೆಯದು ಸ್ವಾಧೀನಕ್ಕೆ. ಕಾನೂನು ಓದುವವರಿಗೆ ಕ್ಷಣದಲ್ಲಿ ತಿಳಿಯಿತು, ಉಳಿದವರು ಆಕಳಿಸಿದರು. ಎಲ್ಲರಿಗೂ ಗೆದ್ದದ್ದು ಫುಟ್‌ಬಾಲ್. ಚೆಂಡು ಯಾರ ಕಾಲಲ್ಲಿದೆ ಎಂಬುದಕ್ಕೆ ಅವರೂ ‘ಪೊಸ್ಸೆಸ್ಸೊ ಪಾಲ್ಲ’ ಎನ್ನುತ್ತಾರೆ. ಚೆಂಡು ಕಾಲಲ್ಲಿದ್ದರೆ ಪೊಸೆಷನ್, ಕ್ಲಬ್ ಯಾರದೋ ಅವರದು ಓನರ್‌ಶಿಪ್. ದುಡ್ಡು ಕೊಟ್ಟು ತಂದ ಆಟಗಾರರ ನೋಂದಣಿ ಹಕ್ಕು ಕ್ಲಬ್ಬಿನ ಲೆಕ್ಕಪತ್ರದಲ್ಲಿ ಅಸೆಟ್. ಮೂರು ಪದ ಒಂದೇ ಮೈದಾನದಲ್ಲಿ ಮುಗಿಯುತ್ತವೆ. ಬಹುವಚನದ ‘ಪೊಸೆಷನ್ಸ್’ ಮಾತ್ರ ಮತ್ತೆ ಸೂಟ್‌ಕೇಸಿನ ಕಡೆಗೆ ವಾಲುತ್ತದೆ, ಅದನ್ನು ಮರೆಯದೆ ಹೇಳಿ.

ಪದಮೂಲ ಹೇಳಿ ನೋಡಿದ್ದೂ ಉಂಟು. ಅಸೆಟ್ಸ್ ಬಂದದ್ದು ಹಳೆಯ ಫ್ರೆಂಚಿನ ‘ಸಾಕಷ್ಟು’ ಎಂಬರ್ಥದ ಪದದಿಂದ, ಲ್ಯಾಟಿನ್ ಮೂಲ ‘ಅದ್ ಸಾತಿಸ್’. ಇಟಾಲಿಯನ್ನರ ‘ಅಸ್ಸಾಯಿ’ಯೂ ಅದೇ ಬೇರಿನದು. ಸಾಲ ತೀರಿಸಲು ಸಾಕಾಗುವಷ್ಟು ಇದೆಯೇ ಎಂಬ ಪ್ರಶ್ನೆ ಆ ಪದದೊಳಗೇ ಕೂತಿದೆ. ಇದು ಚೆನ್ನಾಗಿ ನಿಂತಿತು. ಎಸ್ಟೇಟ್ ಮತ್ತು ಅವರ ‘ಸ್ತಾತೊ’ (ರಾಜ್ಯ, ಪ್ರಭುತ್ವ) ಒಂದೇ ಮೂಲದವು ಎಂದದ್ದು ಮಾತ್ರ ತಿರುಗುಬಾಣವಾಯಿತು, ಎಸ್ಟೇಟನ್ನು ಸರ್ಕಾರ ಎಂದುಕೊಂಡರು. ಎಲ್ಲ ಮೂಲವನ್ನೂ ಹೇಳಬಾರದು.

ಕೇಳುವವರನ್ನು ಯಾವ ಅನುಕ್ರಮದಲ್ಲಿ ತರಬೇಕು, ಯಾರನ್ನು ಎರಡು ಸಲ ತರಬೇಕು ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಮೇಲಿನ ವಿವರಣೆಯ ಅನುಕ್ರಮ ಅದಲ್ಲ, ಅಷ್ಟು ಹೇಳಬಲ್ಲೆ. ಶುಲ್ಕವನ್ನು ಗಂಟೆಗೆ 24 ಯೂರೋಗೆ ಏರಿಸಲು ಧೈರ್ಯ ಬಂದದ್ದು ಆ ಅನುಕ್ರಮದಿಂದಲೇ.

ಇನ್ನೂ ಪೂರ್ತಿ ಹಿಡಿತಕ್ಕೆ ಬಾರದವು ಎರಡು. ‘ಎರೆದಿತಾ’ದಲ್ಲಿ ಇನ್‌ಹೆರಿಟೆನ್ಸ್, ಲೆಗಸಿ, ಹೆರಿಟೇಜ್ ಮೂರೂ ಮುದುಡಿ ಕೂತಿವೆ. ಅತ್ತೆಯ ಮನೆ ಇನ್‌ಹೆರಿಟೆನ್ಸ್, ಪೊಂಪೆಯಿ ಹೆರಿಟೇಜ್ ಎಂಬಲ್ಲಿಗೆ ತಂದಾಗಿದೆ, ಲೆಗಸಿ ಇನ್ನೂ ಜಾರುತ್ತಿದೆ. ಮತ್ತೊಂದು ರಿಚ್‌ನೆಸ್. ರುಚಿಗೆ, ಬಣ್ಣಕ್ಕೆ, ಮಣ್ಣಿಗೆ ಸಲ್ಲುವ ಆ ಪದವನ್ನು ದುಡ್ಡಿಗೆ ಹಚ್ಚುತ್ತಾರೆ. ಸದ್ಯಕ್ಕೆ ಪತ್ರಕರ್ತನ ಜೊತೆ ಒಬ್ಬ ಅಡುಗೆಯವನನ್ನೂ ಅತ್ತೆಯ ಮನೆಗೆ ಕರೆತಂದು ನೋಡುತ್ತಿದ್ದೇನೆ: ಸಾರಿನ ರಿಚ್‌ನೆಸ್ ಇವನು ಕೇಳಬೇಕು, ಮನೆತನದ ವೆಲ್ತ್ ಅವನು ಕೇಳಬೇಕು.